ಅಳಿಸಿದ ನಾಲ್ಕು ಸಾಲು

"ಗುರುಗಳೇ, ಕೋಡು ತಿದ್ದಿದ್ದಾಯಿತು. ಅದರ ಪರೀಕ್ಷೆಗಳೆಲ್ಲ ಪಾಸಾದವು. ಆದರೂ ಒಪ್ಪಿಸಲು ಕೈ ಬರುತ್ತಿಲ್ಲ. ಈ ಅಳುಕು ಹೋಗುವುದು ಯಾವಾಗ?" ಎಂದು ಸುನೇತ್ರಾ ಕೇಳಿದಳು.

ಡೇಟಾಬೇಸ್ ಸರ್ವರಿನ ಮೂಲ ಕೋಡಿನಲ್ಲಿ ದೋಷ ತಿದ್ದುವುದನ್ನು ಅವಳು ಆ ಹಿರಿಯರ ಬಳಿ ಕಲಿಯುತ್ತಿದ್ದಳು. ಅವರು ಅವಳ ತಿದ್ದುಪಡಿಯನ್ನು ನೋಡಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ಪ್ರೋಗ್ರಾಮರ್ ಇದ್ದ. ಅವನು ನೋಡಿಕೊಳ್ಳುತ್ತಿದ್ದ ಸರ್ವರನ್ನು ಬಹಳ ಸಂಸ್ಥೆಗಳು ಬಳಸುತ್ತಿದ್ದವು. ಒಂದು ರಕ್ತನಿಧಿಯೂ ಬಳಸುತ್ತಿತ್ತು.

ಸರ್ವರ್ ಮಾಹಿತಿಯನ್ನು ಒಂದು ಕಡೆ ಇಡುತ್ತದೆ. ಯಾವುದು ಎಲ್ಲಿದೆ ಎಂಬ ಸೂಚಿಯನ್ನು ಇನ್ನೊಂದು ಕಡೆ ಇಡುತ್ತದೆ. ಸೂಚಿ ತೋರಿದ ಜಾಗದಲ್ಲಿ ಬೇರೇನೋ ಕಂಡರೆ ಸರ್ವರ್ ಉತ್ತರ ಕೊಡದೆ ನಿಂತುಬಿಡಬೇಕು. ಹಾಗೆಂದು ಹಿಂದಿನವರು ಯಾರೋ ಕೋಡಿನಲ್ಲಿ ನಾಲ್ಕು ಸಾಲು ಬರೆದಿಟ್ಟಿದ್ದರು.

ಒಮ್ಮೆ ಸರ್ವರ್ ದಿನಕ್ಕೆರಡು ಸಲ ನಿಲ್ಲತೊಡಗಿತು. ಎಲ್ಲ ಕಡೆಯಿಂದ ದೂರು ಬಂತು. ಪ್ರೋಗ್ರಾಮರ್ ಒಂದು ವಾರ ಹುಡುಕಿದ. ಕಾರಣ ಸಿಗಲಿಲ್ಲ. ಎಂಟನೆಯ ದಿನ ಆ ನಾಲ್ಕು ಸಾಲನ್ನೇ ಅಳಿಸಿದ.

ಸರ್ವರ್ ಮತ್ತೆ ನಿಲ್ಲಲಿಲ್ಲ. ಜನ ಹೊಗಳಿದರು. ಮೊದಲೆರಡು ದಿನ ಅವನಿಗೆ ಊಟ ಸೇರಲಿಲ್ಲ. ಫೋನ್ ಸದ್ದಾದರೆ ದೂರೇ ಬಂತೆಂದು ಅಳುಕುತ್ತಿದ್ದ. ದೂರು ಬರಲಿಲ್ಲ. ಮೂರನೆಯ ದಿನ ಅಳುಕು ಬಿಟ್ಟುಹೋಯಿತು. ಅಲ್ಲಿಂದ ಹತ್ತೊಂಬತ್ತು ದಿನ ನೆಮ್ಮದಿಯಾಗಿದ್ದ.

ಆಮೇಲೆ ಒಂದು ಮಧ್ಯಾಹ್ನ ರಕ್ತನಿಧಿಯಿಂದ ಕರೆ ಬಂತು. ರಕ್ತ ಪರೀಕ್ಷಿಸುವ ಹೆಂಗಸು ಮಾತಾಡಿದಳು.

"ಸರ್, ಚೀಲದ ಮೇಲಿನ ಚೀಟಿ ಬಿ ಗುಂಪು ಅನ್ನುತ್ತಿದೆ. ಅದೇ ನಂಬರು ಹಾಕಿದರೆ ನಿಮ್ಮ ಪರದೆ ಎ ಗುಂಪು ಅನ್ನುತ್ತಿದೆ. ಹೆರಿಗೆಯಾದವಳಿಗೆ ಬಿ ಬೇಕು, ರಕ್ತಸ್ರಾವ ನಿಲ್ಲುತ್ತಿಲ್ಲ. ಯಾವುದನ್ನು ನಂಬಲಿ?"

ಅವನಿಗೆ ಅರ್ಥವಾಯಿತು. ಸೂಚಿ ಬೇರೊಂದು ಚೀಲದ ಮಾಹಿತಿಯನ್ನು ತೋರಿಸಿತ್ತು. ಸರ್ವರ್ ನಿಲ್ಲಬೇಕಿದ್ದ ಕಡೆ ಉತ್ತರ ಕೊಟ್ಟಿತ್ತು.

"ಎರಡನ್ನೂ ನಂಬಬೇಡಿ," ಎಂದ.

"ಹಾಗಾದರೆ ನಾನೇ ಪರೀಕ್ಷೆ ಮಾಡಿಕೊಳ್ಳುತ್ತೇನೆ, ಬಿಡಿ," ಎಂದು ಅವಳು ಫೋನಿಟ್ಟಳು.

ಅವನು ಮೊದಲು ಆ ನಾಲ್ಕು ಸಾಲನ್ನು ವಾಪಸು ಹಾಕಿದ. ಸರ್ವರ್ ಬಳಸುತ್ತಿದ್ದವರಿಗೆಲ್ಲ, ನಿಮ್ಮ ಮಾಹಿತಿ ತಪ್ಪಿರಬಹುದು ಎಂದು ಬರೆದ. ಆಮೇಲೆ ಫೋನನ್ನೇ ನೋಡುತ್ತ ಕುಳಿತ. ಮುಕ್ಕಾಲು ಗಂಟೆಯ ಮೇಲೆ ಅದು ಸದ್ದು ಮಾಡಿತು.

"ಚೀಟಿಯೇ ಸರಿ ಇತ್ತು, ಸರ್. ಬಿ ಕೊಟ್ಟೆವು. ತಾಯಿ ಉಳಿದಳು."

"ಇದಕ್ಕೆ ಮುಂಚೆ ಕೊಟ್ಟ ರಕ್ತ?" ಎಂದು ಅವನು ಹೇಗೋ ಕೇಳಿದ.

"ನಿಮ್ಮ ಸರ್ವರ್ ನಿಲ್ಲುವುದು ಬಿಟ್ಟಿತಲ್ಲ, ಆವತ್ತಿನಿಂದ ನನಗೆ ಯಾಕೋ ಮನಸ್ಸು ಒಪ್ಪಲಿಲ್ಲ. ದಿನಾ ಕೆಡುತ್ತಿದ್ದದ್ದು ಒಂದೇ ದಿನದಲ್ಲಿ ಸರಿಹೋಗುತ್ತದೆಯೇ? ಒಂದೊಂದು ಚೀಲವನ್ನೂ ಎರಡೆರಡು ಸಲ ಪರೀಕ್ಷಿಸಿಯೇ ಕೊಟ್ಟಿದ್ದೇನೆ."

ಅವನು ಹನ್ನೊಂದು ದಿನ ಕೋಡನ್ನು ಸಾಲುಸಾಲಾಗಿ ಓದಿದ. ಸೂಚಿಯ ಒಂದು ಪುಟ ತುಂಬಿ ಎರಡಾಗುವಾಗ, ಬೇರೆಯವರು ಮುಟ್ಟದಂತೆ ಅದಕ್ಕೆ ಹಾಕಿದ ಬೀಗ ಒಂದು ಸಾಲು ಮೊದಲೇ ತೆರೆದುಕೊಳ್ಳುತ್ತಿತ್ತು. ಆ ಕ್ಷಣದಲ್ಲಿ ಬೇರೆ ಯಾರಾದರೂ ಏನನ್ನಾದರೂ ಅಳಿಸಿದರೆ ಸೂಚಿ ದಾರಿ ತಪ್ಪುತ್ತಿತ್ತು. ಬೀಗ ತೆರೆಯುವ ಆ ಸಾಲನ್ನು ಅವನು ಕೆಳಕ್ಕೆ ಸರಿಸಿದ. ಟಿಪ್ಪಣಿಯಲ್ಲಿ "ಹಿಂದಿನ ತಿದ್ದುಪಡಿ ತಪ್ಪು. ಅದನ್ನು ಮಾಡಿದವನು ನಾನು" ಎಂದು ಬರೆದ.

ಗುರುಗಳು ಕತೆ ನಿಲ್ಲಿಸಿದರು.

"ಇಷ್ಟಾದ ಮೇಲಾದರೂ ಅವನ ಅಳುಕು ಹೋಯಿತೇ?" ಎಂದು ಸುನೇತ್ರಾ ಕೇಳಿದಳು.

"ಅವನು ಅಳುಕದೆ ಇದ್ದಷ್ಟು ದಿನ, ತಂಗಿ, ಅವನ ಪಾಲಿನ ಅಳುಕನ್ನೂ ಆ ಹೆಂಗಸೇ ಹೊತ್ತಳು."