ಸವೆಯದ ಎಂಜಿನ್ನು

ಈ ಕಥೆಯನ್ನು ನನಗೆ ಮೊದಲು ಹೇಳಿದವಳು ಮಲಪ್ರಭೆಯ ದಂಡೆಯ ಗಂಗವ್ವ. ಕಥೆಯೊಳಗೆ ಅವಳೂ ಇದ್ದಾಳೆ. ಗಾಡಿಯ ಹಿಂಬದಿ, ಎಡಗಡೆ ಕೂತಿದ್ದಾಳೆ. ಹೇಳುವವಳೇ ಒಳಗೆ ಕೂತಿರುವಾಗ ನಂಬದೆ ಇರುವುದು ಕಷ್ಟ.

ಹೊಳೆದಂಡೆಯಲ್ಲಿ ಒಂದು ಆಶ್ರಮ. ಆಶ್ರಮಕ್ಕೊಂದು ಡೀಸೆಲ್ ಪಿಕಪ್ಪು.

ವಾರಕ್ಕೆ ಎರಡು ಸಲ ಅದು ಕಿಡ್ನಿ ಕೆಟ್ಟ ನಾಲ್ವರನ್ನು ಅರವತ್ತು ಕಿಲೋಮೀಟರು ದೂರದ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಒಯ್ಯುತ್ತಿತ್ತು. ಉಳಿದ ದಿನ ಅಕ್ಕಿ, ಸೌದೆ, ಹಿಂಡಿ. ಹಿಂದೆ ಎರಡು ಬೆಂಚು, ಮೇಲೆ ತಾಡಪತ್ರಿ. ಒಂದು ಸರದಿ ತಪ್ಪಿದರೆ ಆ ನಾಲ್ವರ ಕಾಲು ಬಾಯುತ್ತಿದ್ದವು, ಎರಡು ತಪ್ಪಿದರೆ ಮೇಲುಸಿರು. ಮೂರನೆಯದನ್ನು ಯಾರೂ ತಪ್ಪಿಸಿ ನೋಡಿರಲಿಲ್ಲ.

ಗಾಡಿ ಓಡಿಸುವುದು ಶಿಷ್ಯ ಫಕೀರಯ್ಯನ ಪಾಲಿನ ಸೇವೆ. ಡಿಪ್ಲೊಮಾ ಓದಿದವನು. ಸಂಸಾರ ಬಿಟ್ಟು ಬಂದಿದ್ದ, ಅಂಕಿಸಂಖ್ಯೆ ಬಿಟ್ಟಿರಲಿಲ್ಲ.

ಗುರುಗಳನ್ನು ಎಲ್ಲರೂ ಅಜ್ಜಾರು ಅನ್ನುತ್ತಿದ್ದರು. ಕಾವಿ ಉಡುವ ಮೊದಲು ಅವರು ಲಾರಿ ರಿಪೇರಿಯ ಮೇಸ್ತ್ರಿ. ಮೂವತ್ತು ವರ್ಷ ಹೊಳೆಯಲ್ಲಿ ಮಿಂದರೂ ಉಗುರ ಸಂದಿನ ಕಪ್ಪು ಹೋಗಿರಲಿಲ್ಲ.

ಒಂದು ದಿನ ಫಕೀರಯ್ಯ ಅವರ ಮುಂದೆ ಒಂದು ವಿಚಾರ ಇಟ್ಟ. ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಎಂಜಿನ್ ಆಯಿಲ್ ಚೆಲ್ಲುತ್ತೇವೆ. ಅದು ಇನ್ನೂ ಚೆನ್ನಾಗಿದ್ದರೆ ಚೆಲ್ಲುವುದು ಯಾಕೆ? ಸಣ್ಣ ಬಾಟಲಿಯಲ್ಲಿ ಒಂದಿಷ್ಟು ತೆಗೆದು ಲ್ಯಾಬಿಗೆ ಕಳಿಸಿದರೆ ಅದರಲ್ಲಿ ಎಷ್ಟು ಕಬ್ಬಿಣ, ಎಷ್ಟು ತಾಮ್ರ, ಎಷ್ಟು ಮಸಿ ಇದೆ ಅಂತ ಹೇಳುತ್ತಾರೆ. ಎಂಜಿನ್ನಿನೊಳಗೆ ಸವೆದದ್ದೆಲ್ಲ ಎಣ್ಣೆಯಲ್ಲಿ ಉಳಿದಿರುತ್ತದೆ. ಸಾಕು ಅಂತ ಎಣ್ಣೆಯೇ ಹೇಳಿದಾಗ ಬದಲಿಸಿದರಾಯಿತು.

ಅಜ್ಜಾರಿಗೆ ಇದು ಹಿಡಿಸಿತು. ಕಿಲೋಮೀಟರನ್ನು ಕೇಳುವುದಕ್ಕಿಂತ ಎಣ್ಣೆಯನ್ನು ಕೇಳುವುದೇ ಮೇಲು ಅಂದರು. ಆಮೇಲೆ ಒಂದು ಮಾತು ಸೇರಿಸಿದರು.

“ಎಣ್ಣಿ ಸುಳ್ಳ ಹೇಳೂದಿಲ್ಲ, ತಮ್ಮಾ. ಆದ್ರ ಕೇಳಿದ್ದಕ್ಕಷ್ಟ ಉತ್ತರಾ ಕೊಡ್ತೈತಿ.”

ಮೊದಲ ವರದಿ ಹತ್ತು ಸಾವಿರಕ್ಕೆ ಬಂತು. ಕಬ್ಬಿಣ ಇರಬೇಕಾದಷ್ಟಿತ್ತು. ಎಣ್ಣೆ ಇನ್ನೂ ಓಡಬಹುದು ಅಂದಿದ್ದರು.

ಎರಡನೆಯದು ಹದಿನೈದು ಸಾವಿರಕ್ಕೆ. ಅದೇ ಎಣ್ಣೆ, ಕಬ್ಬಿಣ ಮಾತ್ರ ಅರ್ಧ.

ಮೂರನೆಯದು ಇಪ್ಪತ್ತು ಸಾವಿರಕ್ಕೆ. ಕಬ್ಬಿಣ ಅದರಲ್ಲೂ ಅರ್ಧ.

ಎಂಜಿನ್ನು ಓಡಿದಷ್ಟೂ ಸವೆಯುವುದನ್ನು ಮರೆಯುತ್ತಿತ್ತು. ಆಶ್ರಮದವರು ಅಜ್ಜಾರ ಪವಾಡ ಅಂದರು. ಅಡುಗೆಮನೆಯವರು ಒಂದು ಹೆಜ್ಜೆ ಮುಂದೆ ಹೋಗಿ ಬಾನೆಟ್ಟಿಗೆ ವಿಭೂತಿ ಬಳಿದರು. ಫಕೀರಯ್ಯ ಪವಾಡ ನಂಬುವವನಲ್ಲ. ವರದಿ ನಂಬುವವನು. ಮೂರನ್ನೂ ಫೋನಿನಲ್ಲಿ ಇಟ್ಟುಕೊಂಡು ಕಂಡಕಂಡವರಿಗೆ ತೋರಿಸುತ್ತಿದ್ದ.

ಗರ್ಭಗುಡಿಯ ನಂದಾದೀಪಕ್ಕೆ ಎಣ್ಣೆ ಹಾಕುವುದೂ ಅವನದೇ ಕೆಲಸ. ಮುಂಜಾನೆ ಅದನ್ನು ಮುಗಿಸಿ ಬಂದು, ಗಾಡಿಯ ಎಣ್ಣೆಮಟ್ಟದ ಗೇಜುಕಡ್ಡಿ ಎಳೆದು ನೋಡಿ, ಕಡಿಮೆಯಾದಷ್ಟು ಆಯಿಲ್ ಸುರಿಯುತ್ತಿದ್ದ. ಮೊದಮೊದಲು ಒಂದು ಚಮಚೆ. ಆಮೇಲೆ ಅರ್ಧ ಲೋಟ. ಈಗ ಒಂದು ಲೋಟ. ದೀಪಕ್ಕೆ ಹಾಕಿದ ಎಣ್ಣೆ ಎಲ್ಲಿ ಹೋಯಿತು ಅಂತ ಯಾರು ಕೇಳುತ್ತಾರೆ?

ಆ ಶ್ರಾವಣದಲ್ಲಿ ನಾಲ್ವರಲ್ಲಿ ಒಬ್ಬರಾದ ಹನಮಪ್ಪ ಮಾಸ್ತರು ತೀರಿಕೊಂಡರು. ಹಳೆಯ ರೋಗ, ಡಾಕ್ಟರಿಗೆ ಆಶ್ಚರ್ಯವಾಗಲಿಲ್ಲ. ಬೇಸಿಗೆಯಲ್ಲೂ ಬೂದಿನೀಲಿ ಶಾಲು ಹೊದ್ದು ಗಾಡಿ ಹತ್ತುತ್ತಿದ್ದ ಮನುಷ್ಯ.

ಮುಂದಿನ ಸರದಿಯ ದಿನ, ಬಿಸಿಲೇರಿದ ಹೊತ್ತಿನಲ್ಲಿ, ಫಕೀರಯ್ಯ ಕನ್ನಡಿಯಲ್ಲಿ ಹಿಂದಿನ ರಸ್ತೆ ನೋಡಿದ.

ರಸ್ತೆಯ ಮೇಲೆ ಯಾರೋ ಇದ್ದರು. ಆಳೆತ್ತರ, ಬೂದಿನೀಲಿ.

ಗಾಡಿ ಓಡುತ್ತಿತ್ತು. ಆ ಆಕಾರ ಹತ್ತಿರವೂ ಬರಲಿಲ್ಲ, ಹಿಂದೆಯೂ ಉಳಿಯಲಿಲ್ಲ. ಇಳಿದು ನೋಡಿದರೆ ಯಾರೂ ಇಲ್ಲ. ಮತ್ತೆ ಏರಿನಲ್ಲಿ ಆಕ್ಸಿಲರೇಟರ್ ಒತ್ತಿದ್ದೇ ತಡ, ಎದ್ದು ನಿಂತಿತು.

ಅವನು ಯಾರಿಗೂ ಹೇಳಲಿಲ್ಲ. ಆದರೆ ವಾಪಸು ಬಂದು ಇಳಿಯುವಾಗ, ಉಳಿದ ಮೂವರಲ್ಲಿ ಒಬ್ಬಳಾದ ಗಂಗವ್ವ, ಬಸ್ಸು ತಡವಾಯಿತು ಅನ್ನುವ ದನಿಯಲ್ಲಿ ಅಂದಳು:

“ಮಾಸ್ತರ ಇನ್ನೂ ಬರಾಕತ್ತಾರಲ್ಲೋ, ತಮ್ಮಾ.”

ಫಕೀರಯ್ಯ ಅವತ್ತೇ ಅಜ್ಜಾರ ಹತ್ತಿರ ಹೋದ. ಹೆದರಿಕೆಯ ಮಾತು ಬಾಯಿಗೆ ಬರಲಿಲ್ಲ. ಬದಲಿಗೆ ಮೂರನೆಯ ವರದಿ ತೋರಿಸಿದ. ಅಜ್ಜಾರು ಅದನ್ನು ಎರಡು ಸಲ ಓದಿದರು. ಮುಖ ಸಣ್ಣದಾಯಿತು.

“ಎರಡ ಲಕ್ಷ ಕಿಲೋಮೀಟರ ಓಡಿದ್ದು ಸವಿಯೂದ ಬಿಟ್ಟೈತಿ ಅಂದ್ರ ಎರಡ ಅರ್ಥ. ಒಂದೋ ಸತ್ತೈತಿ. ಇಲ್ಲಾ, ಅದರ ಸವಕಳಿ ಬ್ಯಾರೆ ಯಾರೋ ಹೊತ್ತಕೊಂಡ ಹೋಗಾಕತ್ತಾರ.”

“ಯಾರ್ರೀ ಅಜ್ಜಾರ?”

“ಮುಂದಿನ ಸರದಿಗೆ ಗಾಡಿ ನಾ ಹೊಡೀತೀನಿ. ನೀ ಹಿಂದ ಕುಂಡ್ರು.”

ಆ ದಿನ ಮುಂಜಾನೆ ಫಕೀರಯ್ಯ ಮೊದಲ ಸಲ ಹಿಂಬದಿ ಹತ್ತಿದ. ಬೆಂಚಿನ ಕೊನೆಯಲ್ಲಿ ಒಬ್ಬರು ಕೂರುವಷ್ಟು ಜಾಗ ಖಾಲಿಯಿತ್ತು. ಅತ್ತ ಹೋದವನನ್ನು ಗಂಗವ್ವ ತಡೆದಳು.

“ಅಲ್ಲೆ ಕುಂಡ್ರಬ್ಯಾಡೋ. ಅದು ಅವರ ಜಾಗಾ.”

ಅವನು ನೆಲಕ್ಕೆ ಕೂತ. ಗಾಡಿ ಹೊರಟಿತು.

ಏರು ಬಂದಾಗ ಹಿಂದಿನ ಬಾಗಿಲಿನಾಚೆ ಅದು ಎದ್ದಿತು. ಗಾಳಿಗೆ ಚದುರಿಹೋಗಲಿಲ್ಲ. ಬಾಗಿಲ ಮೇಲೆ ಬಾಗಿ, ತಾಡಪತ್ರಿಯ ಕಂಬಿಗೆ ತಲೆ ತಾಗೀತು ಅಂತ ತಗ್ಗುವವರ ಹಾಗೆ ತಗ್ಗಿ, ಒಳಗೆ ಬಂತು. ಬಂದು ಖಾಲಿ ಜಾಗದಲ್ಲಿ ಕೂತಿತು.

ಮೂವರೂ ಆಡುತ್ತಿದ್ದ ಮಾತು ನಿಲ್ಲಿಸಲಿಲ್ಲ. ಮಾತಿನ ನಡುವೆಯೇ ಸೆರಗು, ಟವೆಲ್ಲು ಮೂಗಿಗೇರಿದವು. ಗಂಗವ್ವ ತನ್ನ ಚೀಲ ಇತ್ತ ಎಳೆದುಕೊಂಡು ಅದಕ್ಕೆ ಜಾಗ ಮಾಡಿಕೊಟ್ಟಳು.

ಫಕೀರಯ್ಯನಿಗೆ ಕೆಮ್ಮು ಹತ್ತಿತು, ಕಣ್ಣಲ್ಲಿ ನೀರು. ಬಾಯಲ್ಲಿ ಸುಟ್ಟ ಎಣ್ಣೆಯ ರುಚಿ. ಒಂದು ತಾಸು ಕಳೆದರೆ ರೂಢಿಯಾಗುತ್ತದೆ ಅಂತ ಅವಳು ಸಮಾಧಾನ ಹೇಳಿದಳು.

ಇಷ್ಟು ದಿನ ಯಾಕೆ ಯಾರೂ ನನಗೆ ಹೇಳಲಿಲ್ಲ ಅಂತ ಅವನು ಕೇಳಿದ.

“ಮಾಸ್ತರ ಹೇಳಿದ್ರಲ್ಲೋ, ಎದಿ ಉರೀತೈತಿ ಅಂತ. ನೀ ಫೋನಿನ್ಯಾಗ ಕಾಗದಾ ತೋರಿಸಿದಿ.”

ಹೌದು, ತೋರಿಸಿದ್ದ. ಒಮ್ಮೆಯಲ್ಲ, ಮೂರು ಸಲ.

ಆಸ್ಪತ್ರೆಯಲ್ಲಿ ಮೂವರೂ ಒಳಗೆ ಹೋದರು. ಅಜ್ಜಾರು ಸೈಲೆನ್ಸರಿನ ಹತ್ತಿರ ಕುಕ್ಕರಗಾಲಲ್ಲಿ ಕೂತು, ಕೊಳವೆಯೊಳಗೆ ಬೆರಳಾಡಿಸಿ, ಅಂಟಿದ ಹಸಿ ಕಪ್ಪನ್ನು ಶಿಷ್ಯನ ಅಂಗೈಗೆ ಒರೆಸಿದರು.

“ದಿನಾ ಎಷ್ಟ ಹಾಕತಿ?”

“ಒಂದ ಲೋಟಾರೀ.”

“ಎಂಜಿನ್ನ ಎಷ್ಟ ಹಿಡೀತೈತಿ?”

“ಮೂವತ್ತ ಲೋಟಾ.”

ಮುಂದಿನ ಲೆಕ್ಕ ಅವನೇ ಮಾಡಿಕೊಂಡ. ಇಪ್ಪತ್ತು ಸಾವಿರ ಕಿಲೋಮೀಟರು ಓಡಿದ ಎಣ್ಣೆ ಅನ್ನುವುದೇ ಆ ಗಾಡಿಯಲ್ಲಿ ಇರಲಿಲ್ಲ. ತಿಂಗಳಿಗೊಮ್ಮೆ ಎಂಜಿನ್ನು ಪೂರ್ತಿ ಹೊಸ ಎಣ್ಣೆ ಕುಡಿದು, ಹಳೆಯದನ್ನು ಸವಕಳಿಯ ಸಮೇತ ಹೊಗೆಯಾಗಿ ಹಿಂದಕ್ಕೆ ಉಗುಳುತ್ತಿತ್ತು. ಎಣ್ಣೆ ಉರಿಯದ ಹಾಗೆ ತಡೆಯುವ ಪಿಸ್ಟನ್ ರಿಂಗುಗಳು ಸತ್ತಷ್ಟೂ ವರದಿ ಶುದ್ಧ. ಬಾಟಲಿಯ ಜೊತೆ ಕಳಿಸುವ ಚೀಟಿಯಲ್ಲಿ ‘ನಡುವೆ ಸುರಿದ ಎಣ್ಣೆ ಎಷ್ಟು’ ಅಂತ ಒಂದು ಸಾಲಿತ್ತು. ಮೂರು ಸಲವೂ ಅವನು ಅಲ್ಲಿ ಗೀಟು ಎಳೆದಿದ್ದ.

ಅಜ್ಜಾರು ಎಂಜಿನ್ನು ಬಿಚ್ಚಲೇಬೇಕು ಅಂದರು. ಆ ಗಾಡಿ ಇಲ್ಲಿಂದ ಒಂದು ಗಾಲಿ ಮುಂದೆ ಹೋಗಬಾರದು, ಸರದಿಯೂ ತಪ್ಪಬಾರದು. ಫಕೀರಯ್ಯ ಊರೆಲ್ಲ ಸುತ್ತಿ, ಕೈಮುಗಿದು, ಒಂದು ಶಾಲೆಯ ವ್ಯಾನು ಗೊತ್ತುಮಾಡಿ ಬಂದ. ಅಂಗೈಯ ಕಪ್ಪನ್ನು ತೊಳೆದಿರಲಿಲ್ಲ.

ಬಂದವನು ಗಾಡಿಯ ಹಿಂಬದಿಯ ಖಾಲಿ ಜಾಗ ನೋಡಿದ. ಆಮೇಲೆ ಕೇಳಿದ.

“ಹಂಗಾರ ಅದು ಬರೇ ಹೊಗಿ ಏನ್ರೀ ಅಜ್ಜಾರ? ಮಾಸ್ತರ ಅಲ್ಲಾ?”

“ಒಂದ ವರ್ಷ ಆ ಹೊಗಿ ಅವರ ಎದಿಯೊಳಗ ಹೊಕ್ಕು ಹೊರಗ ಬಂದೈತಿ. ಈಗ ಅದರಾಗ ಹೊಗಿ ಎಷ್ಟು, ಮಾಸ್ತರ ಎಷ್ಟು ಅಂತ ಯಾವ ಲ್ಯಾಬಿಗೆ ಕಳಸ್ತಿ?”

ಫಕೀರಯ್ಯ ಕೀಲಿಯನ್ನು ಅವರ ಪಾದದ ಹತ್ತಿರ ಇಟ್ಟ. ತನಗೆ ಈ ಸೇವೆ ಬೇಡ, ತಾನು ಯೋಗ್ಯನಲ್ಲ ಅಂದ.

ಅಜ್ಜಾರು ಕೀಲಿ ಎತ್ತಿ ಅವನ ಕೈಗೇ ಮರಳಿ ಕೊಟ್ಟರು.

“ಒಂದಿನಾ ನೀನೂ ಇದನ್ನ ಮತ್ತೊಬ್ಬನ ಕೈಗೆ ಕೊಡ್ತಿ. ಕೊಡೂ ಮೊದಲ ಅಂವನ್ನ ಹಿಂದ ಕುಂಡ್ರಸು. ಏನೂ ಬಿಡಿಸಿ ಹೇಳಬ್ಯಾಡ. ಉಸರ ತಗೋ ಅನ್ನು. ಅಂವಾನೂ ತನ್ನ ಮುಂದಿನಾಂವಗ ಅಷ್ಟ ಹೇಳ್ಲಿ.”