ಕುಂದರ್ರಿ ಎನ್ನದ ಅಜ್ಜನವರು

ಬೆಳ್ಳೇರಿ ಮಠದ ಪೂಜ್ಯ ಸೋಮಲಿಂಗಜ್ಜನವರನ್ನು ಕಂಡು ಯಾರಾದರೂ ಎದ್ದು ನಿಂತರೆ ಅವರಿಗೆ ಸೇರುತ್ತಿರಲಿಲ್ಲ. "ಕುಂದರ್ರೋ, ನಾನೇನು ತಹಶೀಲ್ದಾರನೇನು?" ಎಂದು ಗದರುತ್ತಿದ್ದರು. ಒಂದು ಕಂಬಳಿ, ಒಂದು ಬೆತ್ತ, ಒಂದು ವಿಭೂತಿ ಚೀಲ, ಇಷ್ಟೇ ಅವರ ಸಂಸಾರ. ಒಂದು ಶ್ರಾವಣದಲ್ಲಿ ಅವರು ಮಠದ ವೃದ್ಧಾಶ್ರಮಕ್ಕೆ ಬಂದು, ನೀರಿನ ಟಾಕಿಯ ಪಕ್ಕದ ತಗಡಿನ ಕೋಣೆಯಲ್ಲಿ ಉಳಿದರು.

ಆಶ್ರಮ ನೋಡಿಕೊಳ್ಳುತ್ತಿದ್ದವಳು ಶಕುಂತಲಾ. ಕೆಟ್ಟ ಹೆಂಗಸಲ್ಲ. ಹಿರಿಯರಿಗೆ ತಾನೇ ತುತ್ತಿಡುವಳು, ತಾನೇ ತಲೆ ಬಾಚುವಳು, ತಾನೇ ಎತ್ತಿ ಕೂರಿಸುವಳು. ಹಿಂದಿನ ಚಳಿಗಾಲದಲ್ಲಿ ಮುದುಕರೊಬ್ಬರು ಬಚ್ಚಲ ಹಾದಿಯಲ್ಲಿ ಜಾರಿ, ಸೊಂಟ ಮುರಿದುಕೊಂಡು ತೀರಿಹೋಗಿದ್ದರು. ಆಶ್ರಮದ ಕಮಿಟಿಯವರು ಅವಳನ್ನು ನಿಲ್ಲಿಸಿ ಬೈದರು. ಜಾರುವ ನೆಲವನ್ನು ಸರಿಮಾಡಿಸಲು ಆ ದೊಡ್ಡ ಮನುಷ್ಯರಿಗೆ ಪುರಸೊತ್ತಾಗಲಿಲ್ಲ. ಮುದುಕರನ್ನು ಕಟ್ಟಿಹಾಕುವುದು ಸುಲಭವಾಯಿತು. ಅಂದಿನಿಂದ ಹಳೆಯ ಸೀರೆಯ ಪಟ್ಟಿಯಿಂದ ಒಬ್ಬೊಬ್ಬರ ಸೊಂಟವನ್ನೂ ಕುರ್ಚಿಗೆ ಬಿಗಿಯುವುದು ಶಕುಂತಲಾಳ ಕೆಲಸ. ಗೂಟದ ಕರುವನ್ನಾದರೂ ಹೊತ್ತಿಗೊಮ್ಮೆ ಬಿಚ್ಚುತ್ತಾರೆ. ಇಲ್ಲಿ ಇದಕ್ಕೆ ಸೇವೆ ಎಂದು ಹೆಸರು.

ಆ ಕುರ್ಚಿಗಳ ಸಾಲಿನಲ್ಲಿ ಸಾವಂತ್ರೆವ್ವ ಎಂಬ ಮುದಿ ಆಯಿ ಇದ್ದಳು. ಹುಲ್ಲಿನ ಹೊರೆ ಹೊತ್ತು ಹೊಲದ ಬದು ದಾಟಿದ ಕಾಲುಗಳು ಕೂತು ಕೂತು ತೊಗರಿ ಕಟ್ಟಿಗೆಯಂತಾಗಿದ್ದವು. ದಸರೆಯೊಳಗೆ ಎದ್ದು ನಿಲ್ಲದಿದ್ದರೆ ಹಿಂದಿನ ಕೋಣೆಗೆ ಸಾಗಿಸುವುದೆಂದು ಕಮಿಟಿ ನಿರ್ಧರಿಸಿತ್ತು. ಆ ಕೋಣೆಗೆ ಹೋದವರಾರೂ ನಡೆದು ಹೊರಗೆ ಬಂದಿರಲಿಲ್ಲ. ಸಾವಂತ್ರೆವ್ವನಿಗೆ ಬೇಕಾಗಿದ್ದುದು ಮೋಕ್ಷವಲ್ಲ, ತನ್ನ ಕಾಲಮೇಲೆ ಬಚ್ಚಲಿಗೆ ಹೋಗಿಬರುವುದು.

ಮೊದಲ ಮುಂಜಾನೆ ಅಜ್ಜನವರು ಪಡಸಾಲೆಗೆ ಬಂದರು. ಗುರುಗಳನ್ನು ಕಂಡು ಎಲ್ಲರೂ ಏಳಲು ಮಿಸುಕಿದರು. ಪಟ್ಟಿಗಳು ಜಗ್ಗಿದವು. ಸಾವಂತ್ರೆವ್ವ ಮುಖ ತಿರುಗಿಸಿ, "ಗುರು ಬಂದಾಗ ಕುಂತೇ ಇರೂವಂಗಾತಲ್ಲ ನನ್ನ ಬಾಳೆ" ಎಂದು ಕಣ್ಣೊರೆಸಿಕೊಂಡಳು.

ಅಜ್ಜನವರು ಆಕೆಯ ಕುರ್ಚಿಯ ಬಳಿಗೆ ಬಂದರು. ಬಾಗಿ ತಾವೇ ಗಂಟು ಬಿಚ್ಚಿದರು, ಎರಡೂ ಕೈ ಚಾಚಿ ನಿಂತರು. ಆಯಿ ಗೇಣಷ್ಟು ಎದ್ದು ಕುಸಿದಳು. ಉಳಿದವರ ಗಂಟುಗಳನ್ನೂ ಬಿಚ್ಚಿ ಹೊರಗೆ ಹೋದರು.

ಸ್ವಲ್ಪ ಹೊತ್ತಿಗೆ ಮರಳಿದರು. "ಬೆತ್ತ ಮರತೆ." ಏಳಬಲ್ಲವರು ಎದ್ದರು, ಏಳಲಾಗದವರು ಪ್ರಯತ್ನಿಸಿದರು. ಆಮೇಲೆ ಚೀಲ ಮರೆತರು. ಆಮೇಲೆ ಏನು ಮರೆತೆನೆಂಬುದನ್ನೇ ಮರೆತೆ ಎಂದರು. ಶಕುಂತಲಾ ಮತ್ತೆ ಬಿಗಿಯುವಳು, ಅಜ್ಜನವರು ಮತ್ತೆ ಬಿಚ್ಚುವರು; ದಿನವೂ ಇದೇ ನಡೆಯಿತು. ಬಂದಾಗೊಮ್ಮೆ ಯಾರ ಕೈಗಾದರೂ ಶೇಂಗಾ ಉಂಡಿ ಇಡುವರು, ಅವರೇ ಮುರಿದು ತಿನ್ನುವವರೆಗೆ ಕಾಯುವರು. ಆದರೆ ಊರೆಲ್ಲ ಬಲ್ಲ ಆ "ಕುಂದರ್ರೋ" ಮಾತ್ರ ಅವರ ಬಾಯಿಂದ ಬರಲೇ ಇಲ್ಲ.

ಅಜ್ಜನವರಿಗೆ ಅರಳುಮರಳೆಂದು ಶಕುಂತಲಾ ಮೊದಲು ಮರುಗಿದಳು. ಕೊನೆಗೆ ಸಿಟ್ಟು ನೆತ್ತಿಗೇರಿ ಬಾಗಿಲಿಗೆ ಅಡ್ಡ ನಿಂತಳು.

"ಅಜ್ಜಾರ, ಕುಂದರ್ರಿ ಅಂತ ಒಂದು ಮಾತು ಅಂದ್ರ ನಿಮ್ಮ ಗಂಟೇನು ಹೋಗತೈತ್ರಿ? ನಾಳೆ ಯಾರರ ಬಿದ್ರ ಬೈಸಿಕೊಳ್ಳಾಕಿ ನಾನು. ಬೀಳದಂಗ ಕಾಯಾಕತ್ತೀನಿ ನಾ ಇವರನ್ನ."

ಅಜ್ಜನವರು ಅವಳ ತಲೆಯ ಮೇಲೆ ಕೈಯಿಟ್ಟರು. "ಹೌದು ತಾಯಿ. ಏಳದಂಗೂ ಕಾಯಾಕತ್ತೀದಿ."

ಅವಳು ಬಾಗಿಲಿನಿಂದ ಸರಿದಳು. ಅಂದು ಸಾವಂತ್ರೆವ್ವನ ಕಾಲಿಗೆ ಎಣ್ಣೆ ಹಚ್ಚುವಾಗ ಶಕುಂತಲಾಳ ಕೈಗೆ ಬರಿಯ ಎಲುಬು ಸಿಕ್ಕಿತು. ಈ ಮಾಂಸ ಕರಗಿಸಿದ್ದು ಮುಪ್ಪಲ್ಲ, ತನ್ನ ಗಂಟು ಎಂದು ತಿಳಿದು ಎಣ್ಣೆಯ ಬಟ್ಟಲು ಹಿಡಿದೇ ಅತ್ತಳು. ಮರುದಿನ ಪಟ್ಟಿಗಳನ್ನೆಲ್ಲ ಮೂಲೆಗೆ ಎಸೆದು, ಅಜ್ಜನವರು ಒಳಗೆ ಬಂದಾಗ ಆಯಿಯ ಮೊಳಕೈಯ ಕೆಳಗೆ ತನ್ನ ಕೈ ಹಿಡಿದು ನಿಂತಳು. ಎತ್ತಲಿಲ್ಲ. ಬೀಳಲೂ ಬಿಡಲಿಲ್ಲ.

ಭಕ್ತರು ಇದನ್ನು ಪವಾಡವೆನ್ನುತ್ತಾರೆ. ಎನ್ನಲಿ. ಒಂದೇ ದಿನಕ್ಕೆ ಯಾರೂ ಎದ್ದು ಓಡಲಿಲ್ಲ. ಎದ್ದರು, ಕುಸಿದರು, ಬೈದರು, ಮತ್ತೆ ಎದ್ದರು.

ಮಹಾನವಮಿಯ ಮುಂಜಾನೆ ಶಕುಂತಲಾ ಒಲೆಯ ಮುಂದಿನಿಂದ ಬಂದು ನೋಡಿದಳು. ಸಾವಂತ್ರೆವ್ವನ ಕುರ್ಚಿಯಲ್ಲಿ ಅಜ್ಜನವರು ಕುಳಿತಿದ್ದರು. ಅವಳು ಕೂಗಿದಳು. "ಆಯಿ ಎಲ್ಲಿ?"

ಅಜ್ಜನವರು ಬಚ್ಚಲ ಕಡೆ ಕಣ್ಣು ಮಾಡಿದರು. ಗೋಡೆ ಹಿಡಿದುಕೊಂಡು, ಒದ್ದೆ ಕಾಲಲ್ಲಿ, ಸೆರಗು ಸರಿಪಡಿಸಿಕೊಳ್ಳುತ್ತ ಸಾವಂತ್ರೆವ್ವ ಬರುತ್ತಿದ್ದಳು. ಆಕೆಯನ್ನು ಕಂಡು ಆ ಮಹಾನುಭಾವರು ಬೆತ್ತ ಊರಿ ಪೂರ್ತಿ ಎದ್ದು ನಿಂತರು.

ಆಯಿ ನಿಂತಲ್ಲೇ ದಿಟ್ಟಿಸಿದಳು. "ಕುಂದರ್ರಿ ಅಜ್ಜಾರ. ನಾನೇನು ತಹಶೀಲ್ದಾರಳೇನು?"

ಪಡಸಾಲೆಯೆಲ್ಲ ನಕ್ಕಿತು. ಶಕುಂತಲಾ ಅವಳನ್ನು ಎತ್ತಿಕೊಳ್ಳಲು ಓಡಿದವಳು ನಡುವೆಯೇ ನಿಂತಳು. ಮೂಲೆಯಲ್ಲಿ ರಾಶಿ ಬಿದ್ದಿದ್ದ ಸೀರೆಯ ಪಟ್ಟಿಗಳನ್ನು ಬಾಚಿಕೊಂಡು, ಮಂಡಿಯೂರಿ, ಆಯಿ ಬರುವ ಹಾದಿಯ ಒದ್ದೆ ನೆಲವನ್ನು ಒರೆಸತೊಡಗಿದಳು.