ಎದುರಿನವರಿಗೆ ಸಿಗದ ಆಟ

"ಗುರುಗಳೇ, ಎರಡು ಕಂಪನಿಯವರೂ ನಾನೇ ಬೇಕೆನ್ನುತ್ತಿದ್ದಾರೆ. ಯಾರ ಬಳಿ ಹೋದರೆ ನನ್ನ ವಿದ್ಯೆ ಉಳಿಯುತ್ತದೆ?" ಎಂದು ಸುಮೇಧ ಕೇಳಿದ.

ಅವನು ಗುರುಗಳ ಬಳಿ ಚಿತ್ರ ಕಲಿತವನು. ಈಗ ವಿಡಿಯೊ ಗೇಮುಗಳನ್ನು ಕಟ್ಟುತ್ತಿದ್ದ. ಅವನನ್ನು ಕರೆದ ಇಬ್ಬರೂ ಟಿವಿಗೆ ಜೋಡಿಸಿ ಆಡುವ ಗೇಮ್ ಯಂತ್ರಗಳನ್ನು ಮಾಡಿ ಮಾರುವವರು. ಮರುದಿನವೇ ಉತ್ತರ ಕೊಡಬೇಕಾಗಿತ್ತು. ಗುರುಗಳು ಅವನ ಹಿಗ್ಗಿದ ಮುಖವನ್ನು ನೋಡಿದರು. ಎದುರಿಗೆ ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ನಗರದಲ್ಲಿ ಒಬ್ಬ ಹೆಂಗಸು ಆಟ ಕಟ್ಟುತ್ತಿದ್ದಳು. ಅವಳ ಜೊತೆ ಒಂಬತ್ತು ಜನ. ಬಾಡಿಗೆಯ ಎರಡು ಕೋಣೆಗಳೇ ಅವರ ಸ್ಟುಡಿಯೊ. ನಾಲ್ಕು ವರ್ಷ ಕೂತು ಅವರು ಒಂದು ಆಟ ಮುಗಿಸಿದರು. ಅದರಲ್ಲಿ ಒಬ್ಬ ಕುರುಡ ಅಂಬಿಗ. ಆಡುವವನು ನೀರಿನ ಸದ್ದನ್ನಷ್ಟೇ ಕೇಳುತ್ತ ದೋಣಿಯನ್ನು ದಡಕ್ಕೆ ತರಬೇಕು. ಆಡಿದವರು ಇನ್ನೊಬ್ಬರಿಗೆ ಹೇಳಿದರು, ಅವರು ಮತ್ತೊಬ್ಬರಿಗೆ. ವರ್ಷ ತುಂಬುವುದರೊಳಗೆ ಅವಳ ಹೆಸರು ಎಲ್ಲ ಕಡೆ ಹಬ್ಬಿತು.

ಆ ಕಾಲಕ್ಕೆ ಗೇಮ್ ಯಂತ್ರ ಮಾಡುವ ದೊಡ್ಡ ಕಂಪನಿಗಳು ಎರಡು. ಯಂತ್ರಗಳಲ್ಲಿ ಹೆಚ್ಚಿನ ವ್ಯತ್ಯಾಸವಿರಲಿಲ್ಲ. ಇವರು ಇಂದು ಹಾಕಿದ್ದನ್ನು ಅವರು ಆರು ತಿಂಗಳಲ್ಲಿ ಹಾಕುತ್ತಿದ್ದರು. ಆದರೆ ಜನ ಯಂತ್ರ ನೋಡಿ ಕೊಳ್ಳುತ್ತಿರಲಿಲ್ಲ. ತಮಗೆ ಬೇಕಾದ ಆಟ ಯಾವ ಯಂತ್ರದಲ್ಲಿದೆಯೋ ಅದನ್ನು ಕೊಳ್ಳುತ್ತಿದ್ದರು. ಹಾಗಾಗಿ ಎರಡೂ ಕಂಪನಿಯವರು ಆಟ ಕಟ್ಟುವವರನ್ನು ಹುಡುಕಿಕೊಂಡು ಊರೂರು ತಿರುಗುತ್ತಿದ್ದರು.

ಅವಳ ಬಾಗಿಲಿಗೆ ಮೊದಲು ಬಂದ ಅಧಿಕಾರಿ ಮೆಲುದನಿಯ ಮನುಷ್ಯ. "ಸ್ಟುಡಿಯೊ ನಮಗೆ ಕೊಡಿ. ಹತ್ತೂ ಜನ ನಮ್ಮಲ್ಲೇ ಇರಿ. ಮುಂದಿನ ಆಟ ನಮ್ಮ ಯಂತ್ರಕ್ಕೆ ಮಾತ್ರ" ಎಂದ. ಅವಳ ಜೊತೆಯವರಲ್ಲಿ ಮೂವರಿಗೆ ಸಣ್ಣ ಮಕ್ಕಳು. ಒಬ್ಬನ ತಂದೆ ಹಾಸಿಗೆ ಹಿಡಿದಿದ್ದರು. ಅವಳು ಒಪ್ಪಿ ಸಹಿ ಹಾಕಿದಳು.

ಹೊಸ ಕಟ್ಟಡದ ಐದನೇ ಮಹಡಿ ಪೂರ್ತಿ ಅವರದಾಯಿತು. ಹೊತ್ತು ಹೊತ್ತಿಗೆ ಊಟ, ತಪ್ಪದೆ ಸಂಬಳ. ಒಂದೂವರೆ ವರ್ಷದಲ್ಲಿ ಎರಡನೇ ಆಟ ಸಿದ್ಧವಾಯಿತು. ಒಪ್ಪಿಸಿದರು. ಸ್ವಲ್ಪ ತಡೆಯಿರಿ ಎಂದು ಮೇಲಿನಿಂದ ಹೇಳಿಕಳಿಸಿದರು. ಮಳೆಗಾಲ ಕಳೆಯಿತು, ಬೇಸಿಗೆಯೂ ಕಳೆಯಿತು. ಆಟದಲ್ಲಿ ತಪ್ಪೇನಿದೆ ಎಂದು ಕೇಳಿದರೆ ತಪ್ಪೇನೂ ಇಲ್ಲ ಎನ್ನುತ್ತಿದ್ದರು.

ಅವಳೊಳಗೆ ಭಯ ಹೊಕ್ಕಿತು. ಬೈದಿದ್ದರೆ ಅಷ್ಟು ಭಯವಾಗುತ್ತಿರಲಿಲ್ಲ. ಯಾರೂ ಬೈಯಲಿಲ್ಲ. ನೀರಿನ ಸದ್ದು ಹಿಡಿದುಕೊಟ್ಟಿದ್ದ ಜೊತೆಗಾರ ಒಂದು ದಿನ ಎದುರಿನ, ಆ ಇನ್ನೊಂದು ದೊಡ್ಡ ಕಂಪನಿಗೆ ಹೋಗುತ್ತೇನೆಂದ. ಬಿಟ್ಟು ಹೋಗಬಹುದು, ಆದರೆ ಎರಡು ವರ್ಷ ಬೇರೆಲ್ಲೂ ಆಟ ಕಟ್ಟಕೂಡದು, ಹಾಗೆಂದು ಸಹಿ ಹಾಕಿದ್ದೀರಿ ಎಂದು ಮೇಲಿನವರು ಕರಾರು ಪತ್ರ ತೋರಿಸಿದರು. ಅವನು ಬಂದು ತನ್ನ ಜಾಗದಲ್ಲಿ ಕೂತ.

ಕೆಳಗಿನ ನಾಲ್ಕನೇ ಮಹಡಿಯಲ್ಲಿ ಇಂಥದೇ ಇನ್ನೊಂದು ಸ್ಟುಡಿಯೊದವರಿದ್ದರು. ಅವರ ಆಟವೂ ಹೊರಬಂದಿರಲಿಲ್ಲ. ಒಂದು ಸೋಮವಾರ ಅವಳು ನೋಡುವಾಗ ಆ ಮಹಡಿಯ ಮೇಜುಗಳೆಲ್ಲ ಖಾಲಿ. ಒಂದು ಕುರ್ಚಿಯ ಬೆನ್ನಿಗೆ ಯಾರದೋ ಸ್ವೆಟರ್ ನೇತಾಡುತ್ತಿತ್ತು. ಅಂದಿನಿಂದ ಲಿಫ್ಟು ಆ ಮಹಡಿಯನ್ನು ದಾಟುವಾಗ ಅವಳು ನೆಲ ನೋಡುತ್ತ ನಿಲ್ಲುತ್ತಿದ್ದಳು.

ಕೊನೆಗೆ ಧೈರ್ಯ ಮಾಡಿ ಅಧಿಕಾರಿಯ ಎದುರು ಹೋಗಿ ನಿಂತಳು.

"ನಮ್ಮ ಆಟ ನಿಮಗೆ ಬೇಡವೇ?"

"ಬೇಡವೆಂದಲ್ಲ. ಹೊರತರುವುದಕ್ಕೆ ಇನ್ನಷ್ಟು ಖರ್ಚು. ಅದು ಎದುರಿನವರ ಬಳಿ ಇಲ್ಲದಿದ್ದರೆ ಸಾಕು" ಎಂದ ಅವನು.

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅವಳಿಗೆ ಕುಡಿಯಲು ನೀರು ಕೊಟ್ಟ. ಆಮೇಲೆ ಇನ್ನೊಂದು ಊರಿನ ಹೆಸರು ಹೇಳಿದ. ಅಲ್ಲಿ ಮೂವರು ಸೇರಿ ಏನೋ ಹೊಸದನ್ನು ಕಟ್ಟುತ್ತಿದ್ದಾರೆ, ಎದುರಿನವರು ಅವರ ಬೆನ್ನು ಹತ್ತಿದ್ದಾರೆ, ನೀವು ಹೋಗಿ ಕರೆದರೆ ಅವರು ನಂಬಿ ನಮ್ಮಲ್ಲಿಗೆ ಬರುತ್ತಾರೆ ಎಂದ. ಹೋಗದಿದ್ದರೆ ಐದನೇ ಮಹಡಿಗೆ ಏನಾಗುತ್ತದೆ ಎಂದು ಅವನು ಹೇಳಲಿಲ್ಲ. ಅವಳೂ ಕೇಳಲಿಲ್ಲ.

ಅವಳು ಹೋದಳು. ಹಿಟ್ಟಿನ ಗಿರಣಿಯ ಮೇಲೊಂದು ಕೋಣೆ. ಗಿರಣಿ ಓಡುವಾಗ ನೆಲ ಅದುರುತ್ತಿತ್ತು. ಆ ಮೂವರು ಇದ್ದ ಒಂದೇ ಒಳ್ಳೆಯ ಕುರ್ಚಿಯನ್ನು ಅವಳಿಗೆ ಬಿಟ್ಟುಕೊಟ್ಟು ಆಟ ತೋರಿಸಿದರು. ಕೌದಿ ಹೊಲಿಯುವ ಒಬ್ಬ ಮುದುಕಿಯ ಆಟ ಅದು. ಆಡುವವನು ಜೋಡಿಸಿದ ಬಟ್ಟೆಯ ತುಂಡುಗಳೇ ಒಂದೊಂದಾಗಿ ಊರಿನ ಬೀದಿಗಳಾಗುತ್ತಿದ್ದವು. ಅವಳು ಬಂದ ಕೆಲಸ ಮರೆತಳು. ಚಹಾ ಆರಿತು. ಮಧ್ಯಾಹ್ನವಿಡೀ ಆಡಿದಳು; ಒಂದೆರಡು ಕಡೆ ಗಟ್ಟಿಯಾಗಿ ನಕ್ಕಳು. ನಗದೆ ಎಷ್ಟು ಕಾಲವಾಗಿತ್ತೋ.

ಮೂವರಲ್ಲಿ ಹಿರಿಯಳು ಹತ್ತಿರ ಬಂದು ಕೂತಳು. "ಅಕ್ಕಾ, ನಿಮ್ಮ ಅಂಬಿಗನ ಆಟ ಆಡಿಯೇ ನಾವು ಈ ಕೆಲಸಕ್ಕೆ ಇಳಿದದ್ದು. ಬೇರೆಯವರ ಮಾತು ನಮಗೆ ಬೇಡ, ನೀವೇ ಹೇಳಿ. ನಿಮ್ಮಲ್ಲಿಗೆ ಬಂದರೆ ಇದು ಜನರ ಕೈಗೆ ಸಿಗುತ್ತದೆ ತಾನೇ?"

ಒಂಬತ್ತು ಮುಖಗಳು ಕಣ್ಣ ಮುಂದೆ ಬಂದವು. ಹಾಸಿಗೆ ಹಿಡಿದ ಆ ತಂದೆ ನೆನಪಾದರು. ಖಾಲಿ ಮೇಜುಗಳು ನೆನಪಾದವು.

"ಸಿಗುತ್ತದೆ" ಎಂದಳು.

ಮೂವರೂ ಅಲ್ಲೇ ಸಹಿ ಹಾಕಿದರು. ಬಸ್ ನಿಲ್ದಾಣದವರೆಗೂ ಬಂದು ಬೀಳ್ಕೊಟ್ಟರು. ಬಸ್ಸು ಊರು ದಾಟಿದ ಮೇಲೆ ಅವಳು ತನ್ನ ಎದೆಯ ಮೇಲೆ ಕೈಯಿಟ್ಟು ನೋಡಿಕೊಂಡಳು. ಇಷ್ಟು ದಿನ ಬಿಡದೆ ಇದ್ದ ಭಯ ಅಲ್ಲಿರಲಿಲ್ಲ. ಅದು ಹೋದದ್ದನ್ನು ಕಂಡು ಅವಳು ಕೈಯನ್ನು ಥಟ್ಟನೆ ತೆಗೆದಳು.

ಮುಂದಿನ ತಿಂಗಳು ಆ ಮೂವರಿಗೆ ನಾಲ್ಕನೇ ಮಹಡಿಯಲ್ಲಿ ಜಾಗ ಕೊಟ್ಟರು. ಕೌದಿಯ ಆಟ ಹೊರಗೆ ಬರಲಿಲ್ಲ. ಒಂಬತ್ತು ಜನರ ಕೆಲಸ ಉಳಿಯಿತು. ಅವಳು ಮಾತ್ರ ಮತ್ತೆ ಆಟ ಕಟ್ಟಲಿಲ್ಲ. ಆ ವರ್ಷವೇ ಅವಳನ್ನು ಇನ್ನೂ ನಾಲ್ಕು ಊರುಗಳಿಗೆ ಕಳುಹಿಸಿದರು.

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು.

"ಅವಳನ್ನು ಅಂಥ ಕೆಲಸಕ್ಕೆ ಕಳುಹಿಸಿದನಲ್ಲ, ಆ ಅಧಿಕಾರಿ, ಅವನು ಎಂಥ ಕಟುಕ ಗುರುಗಳೇ?"

"ಅವನೂ ಒಂದು ಕಾಲಕ್ಕೆ ಆಟ ಕಟ್ಟುತ್ತಿದ್ದವನೇ" ಎಂದರು ಗುರುಗಳು.